ಸಾವಿರ ವರ್ಷ ಮುಂದಿನ ಕಂಕಣ ಗ್ರಹಣ: ಲೆಕ್ಕ ಹಾಕುವುದು ಹೇಗೆ, ವರ್ಣಿಸುವುದು ಹೇಗೆ

2010ರ ಜನವರಿ 15ರಂದು ಕನ್ಯಾಕುಮಾರಿ, ರಾಮೇಶ್ವರದ ಮೇಲೆ ಹಾದುಹೋದ ಕಂಕಣ ಸೂರ್ಯಗ್ರಹಣದ ಗರಿಷ್ಠ ಅವಧಿ 11 ನಿಮಿಷ 8 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತಿನ ಕಂಕಣ ಮುಂದೆ ಸಿಗುವುದು 3043ರ ಡಿಸೆಂಬರ್ 23ರಂದು. ಈ ತಾರೀಖನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವ ಕಾಲೇಜು ವಿದ್ಯಾರ್ಥಿಯಾದರೂ ಒಂದು ಸ್ಪ್ರೆಡ್‌ಶೀಟ್ ಹಿಡಿದು ಅರ್ಧ ದಿನದಲ್ಲಿ ತಾನೇ ಕಂಡುಕೊಳ್ಳಬಹುದು. ಅದೇ ಕಂಕಣ ಭೂಮಿಯ ಮೇಲೆ ಯಾವ ಊರಿನ ಮೇಲೆ ಹಾಯುತ್ತದೆ ಎಂದು ಹೇಳುವುದು ಬೇರೆಯೇ ಕೆಲಸ. ಚಂದ್ರ ಸೂರ್ಯರು ನಂಬಿಗಸ್ತರು. ಲೆಕ್ಕ ತಪ್ಪಿಸುವುದು ನಮ್ಮ ಕಾಲ ಕೆಳಗಿನ ಭೂಮಿ. ದೂರದ ಗ್ರಹಣ ಬರೆಯುವವರು ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲು ಸಾರೋಸ್, ಆದರೆ ದಾರಿ ಹುಡುಕಲು ಮಾತ್ರ

223 ಚಾಂದ್ರಮಾಸಗಳೆಂದರೆ 6585.32 ದಿನ, ಅಂದರೆ 18 ವರ್ಷ 11 ದಿನ 8 ಗಂಟೆ. ಇದೇ ಸಾರೋಸ್ ಚಕ್ರ. ಇಷ್ಟು ದಿನಕ್ಕೆ ಅಮಾವಾಸ್ಯೆ, ರಾಹು-ಕೇತು ಪಾತಬಿಂದು (ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಜಾಗ), ಚಂದ್ರನ ದೂರ ಮೂರೂ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬರುತ್ತವೆ. ಉಳಿಯುವ 8 ಗಂಟೆಯಲ್ಲಿ ಭೂಮಿ ಸುತ್ತಿನ ಮೂರನೇ ಒಂದು ಭಾಗ ತಿರುಗಿರುತ್ತದೆ. ಹಾಗಾಗಿ ಮೂರು ಸಾರೋಸ್ ಕಳೆದ ಮೇಲೆ, 54 ವರ್ಷಕ್ಕೆ ಮೇಲೆ ಒಂದು ತಿಂಗಳು, ಗ್ರಹಣ ಮತ್ತೆ ನಮ್ಮ ಕಡೆಗೆ ಬರುತ್ತದೆ.

ನಮ್ಮ ಭಾಗದವರಿಗೆ ಗುರುತಿರುವ ಉದಾಹರಣೆ 1980ರ ಫೆಬ್ರುವರಿ 16ರ ಖಗ್ರಾಸ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದ ಅದರ ಮೂರನೆಯ ಮರುಬರವು 2034ರ ಮಾರ್ಚ್ 20ಕ್ಕೆ. ಭಾರತಕ್ಕೆ ಬರುವುದು ನಿಜ, ಆದರೆ ಕಾಶ್ಮೀರದ ಕಡೆಗೆ. ಪ್ರತಿ ಸುತ್ತಿಗೂ ಪಾತಬಿಂದುವಿನ ಹೊಂದಾಣಿಕೆ ಚೂರು ಸರಿಯುತ್ತದೆ, ಜೊತೆಗೆ ಋತುವೂ ಒಂದು ತಿಂಗಳು ಮುಂದಕ್ಕೆ ಹೋಗಿರುತ್ತದೆ.

ವೇಳೆಯ ವಿಷಯದಲ್ಲಿ ಸಾರೋಸ್ ಇನ್ನೂ ಸಡಿಲ. 2019ರ ಡಿಸೆಂಬರ್ 26ರಂದು ಮಂಗಳೂರು, ಮಡಿಕೇರಿಯಲ್ಲಿ ಕಂಡ ಕಂಕಣಕ್ಕೆ ಮೂರು ಸಾರೋಸ್ ಕೂಡಿಸಿದರೆ 2074ರ ಜನವರಿ 27, ಸುಮಾರು 4:25 ಗಂಟೆ (ಹೆಚ್ಚುಕಡಿಮೆ ಗ್ರೀನಿಚ್ ವೇಳೆ, ಭಾರತದ್ದಲ್ಲ) ಬರುತ್ತದೆ. ತಾರೀಖು ಸರಿ. ನಿಜವಾದ ವೇಳೆ ಮಾತ್ರ 6:44ರ ಸುಮಾರಿಗೆ. 2 ಗಂಟೆ 20 ನಿಮಿಷದ ತಪ್ಪು ನಕ್ಷೆಯ ಮೇಲೆ 35 ಡಿಗ್ರಿ ರೇಖಾಂಶವಾಗುತ್ತದೆ. ಸಾರೋಸ್ ಕೂಡಿಸುತ್ತಾ 3000ನೇ ಇಸವಿ ದಾಟುವುದು ಬೇಡ. ಯಾವ ಅಮಾವಾಸ್ಯೆ ನೋಡಬೇಕೆಂದು ತಿಳಿಯಲು ಅದು ಸಾಕು, ಅಷ್ಟೇ.

ಅಮಾವಾಸ್ಯೆಗೆ ಒಂದು ಕ್ರಮಸಂಖ್ಯೆ

ಗ್ರಹಣ ಗಣಿತದಲ್ಲಿ 2000ನೇ ಇಸವಿಯ ಜನವರಿ 6ರ ಅಮಾವಾಸ್ಯೆಗೆ ಸೊನ್ನೆ ಎಂಬ ಸಂಖ್ಯೆ ಕೊಟ್ಟು ಮುಂದಕ್ಕೂ ಹಿಂದಕ್ಕೂ ಎಣಿಸುತ್ತಾರೆ. ಈ ಸಂಖ್ಯೆಯನ್ನು ‘ಕ’ ಎನ್ನೋಣ. ಬೇಕಾದ ಇಸವಿಯನ್ನು ದಶಮಾಂಶದಲ್ಲಿ ಬರೆದು, 2000 ಕಳೆದು, 12.3685ರಿಂದ ಗುಣಿಸಿ ಹತ್ತಿರದ ಪೂರ್ಣಾಂಕ ಹಿಡಿಯಿರಿ. ಅರ್ಧ ಉಳಿಸಿಕೊಂಡರೆ ಅದು ಹುಣ್ಣಿಮೆಯ ಲೆಕ್ಕವಾಗಿಬಿಡುತ್ತದೆ. ‘ಶ’ ಎಂದರೆ ಕ ÷ 1236.85, ಅಂದರೆ ಶತಮಾನಗಳು. ಆಮೇಲೆ ಈ ನಾಲ್ಕು ಸಾಲು:

ಜೂಲಿಯನ್ ದಿನ = 2451550.09766 + 29.530588861 × ಕ + 0.00015437 × ಶ²
ಸೂ = 2.5534 + 29.10535670 × ಕ
ಚಂ = 201.5643 + 385.81693528 × ಕ + 0.0107582 × ಶ²
ಪಾ = 160.7108 + 390.67050284 × ಕ − 0.0016118 × ಶ²

ಜೂಲಿಯನ್ ದಿನ ಎಂದರೆ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಒಂದೇ ಸಮನೆ ಎಣಿಸಿಕೊಂಡು ಬಂದ ದಿನಸಂಖ್ಯೆ. ಸೂ ಎಂದರೆ ಸೂರ್ಯನ ಕೇಂದ್ರಕೋನ (ಭೂಮಿಗೆ ಅತಿಹತ್ತಿರದ ಬಿಂದುವಿನಿಂದ ಸರಿದ ಕೋನ), ಚಂ ಎಂದರೆ ಚಂದ್ರನದು, ಪಾ ಎಂದರೆ ಪಾತಬಿಂದುವಿನಿಂದ ಚಂದ್ರ ಇರುವ ದೂರ. ಮೂರೂ ಡಿಗ್ರಿಯಲ್ಲಿವೆ, ಬಂದ ಉತ್ತರದಿಂದ 360ರ ಗುಣಕಗಳನ್ನು ತೆಗೆದುಹಾಕಿ.

ತಪ್ಪಾಗುವುದು ಎರಡು ಕಡೆ. ದಶಮಾಂಶಗಳನ್ನು ಕತ್ತರಿಸಬೇಡಿ: ಕ 12,912 ಇರುವಾಗ ಚಂ ಸಾಲಿನಲ್ಲಿ 0.0001ರಷ್ಟು ಬಿಟ್ಟರೂ ಉತ್ತರ 1.3 ಡಿಗ್ರಿ ಕೆಡುತ್ತದೆ. ಎರಡನೆಯದು, ಸ್ಪ್ರೆಡ್‌ಶೀಟ್ ಸೈನ್, ಕೊಸೈನ್‌ಗಳನ್ನು ರೇಡಿಯನ್‌ನಲ್ಲಿ ಕೇಳುತ್ತದೆ. ಡಿಗ್ರಿಯನ್ನೇ ತುಂಬಿದರೂ ಅದು ಯಾವುದೋ ಅಂಕಿ ಕೊಟ್ಟುಬಿಡುತ್ತದೆ, ತಪ್ಪೆಂದು ಹೇಳುವುದಿಲ್ಲ.

ಈಗ ಜರಡಿ. ಪಾ ಕೋನದ ಸೈನ್, ಚಿಹ್ನೆ ಬಿಟ್ಟು, 0.36ಕ್ಕಿಂತ ಹೆಚ್ಚಿದ್ದರೆ ಆ ಅಮಾವಾಸ್ಯೆಯಲ್ಲಿ ಗ್ರಹಣವಿಲ್ಲ. 3000ದಿಂದ 4000ದವರೆಗಿನ 12,368 ಅಮಾವಾಸ್ಯೆಗಳಲ್ಲಿ ಬಹುಪಾಲು ಇಲ್ಲೇ ಉದುರಿಹೋಗುತ್ತವೆ.

ಉಳಿದವಕ್ಕೆ ವೇಳೆಯ ತಿದ್ದುಪಡಿ ದಿನಗಳಲ್ಲಿ ಹೀಗೆ: − 0.4075 ಸೈನ್ ಚಂ + 0.1721 ಸೈನ್ ಸೂ + 0.0161 ಸೈನ್ 2ಚಂ − 0.0097 ಸೈನ್ 2ಪಾ + 0.0073 ಸೈನ್ (ಚಂ − ಸೂ) − 0.0050 ಸೈನ್ (ಚಂ + ಸೂ). ದೂರದ ಕಾಲಕ್ಕೆ, ಸೂ ಇರುವ ಪ್ರತಿ ಪದವನ್ನೂ (1 − 0.002516 × ಶ) ಇಂದ ಗುಣಿಸಿ. ಭೂಮಿಯ ಕಕ್ಷೆ ನಿಧಾನವಾಗಿ ದುಂಡಗಾಗುತ್ತಿರುವುದರಿಂದ ಈ ತಿದ್ದುಪಡಿ ಬೇಕು.

ಮೊದಲು ಗೊತ್ತಿರುವ ಗ್ರಹಣದ ಮೇಲೆ ಒರೆಹಚ್ಚಿ. 2019ರ ಡಿಸೆಂಬರ್‌ಗೆ ಕ = 247. ಸೂ 351.58, ಚಂ 98.35, ಪಾ 176.33 ಡಿಗ್ರಿ. ಜೂಲಿಯನ್ ದಿನ 2458844.153, ತಿದ್ದುಪಡಿ −0.430. ಉತ್ತರ ಡಿಸೆಂಬರ್ 26, ಬೆಳಿಗ್ಗೆ 5:21. ನಿಜವಾದ ಗ್ರಹಣಮಧ್ಯ 5:19. ಆರು ಪದಗಳ ಲೆಕ್ಕಕ್ಕೆ ಇಷ್ಟು ನಿಖರತೆ ಸಂತೋಷದ ವಿಷಯವೇ.

ಇನ್ನೊಂದು ಒರೆಗಲ್ಲು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ನಿಂತಿದೆ. ಪಟ್ಟದಕಲ್ಲಿನಲ್ಲಿರುವ, ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬಶಾಸನ ಒಂದು ಸೂರ್ಯಗ್ರಹಣವನ್ನು ಹೇಳುತ್ತದೆ; ವಿದ್ವಾಂಸರು ಅದನ್ನು 754ರ ಜೂನ್ 25ಕ್ಕೆ ಹೊಂದಿಸಿದ್ದಾರೆ. ಕ = −15405 ಹಾಕಿ ನೋಡಿ. ಪಾ ಬರೀ 1.4 ಡಿಗ್ರಿ, ವೇಳೆ ಸರಿಯಾಗಿ ಆ ದಿನದ ಬೆಳಗ್ಗೆ. ಆ ತಾರೀಖು ಜೂಲಿಯನ್ ಪಂಚಾಂಗದ್ದು ಎಂಬುದನ್ನು ಮಾತ್ರ ಮರೆಯಬೇಡಿ. 1582ಕ್ಕಿಂತ ಹಿಂದೆ ಗ್ರೆಗೋರಿಯನ್ ಹಾಕಿದರೆ ದಿನಗಳು ತಪ್ಪುತ್ತವೆ. ಸಾವಿರ ವರ್ಷ ಹಿಂದಕ್ಕೆ ಸರಿಹೋಗುವ ಹಾಳೆಯನ್ನು ಸಾವಿರ ವರ್ಷ ಮುಂದಕ್ಕೂ ಧೈರ್ಯವಾಗಿ ಬಳಸಬಹುದು.

ಕಂಕಣವೋ ಖಗ್ರಾಸವೋ

ಚಂದ್ರನ ನೆರಳಿನ ಶಂಕು ಸರಾಸರಿ 3,73,400 ಕಿ.ಮೀ. ಉದ್ದ. ಚಂದ್ರನ ಸರಾಸರಿ ದೂರ 3,84,400. ಅಂದರೆ ಸಾಮಾನ್ಯವಾಗಿ ನೆರಳಿನ ಮೊನೆ ನೆಲ ಮುಟ್ಟುವುದೇ ಇಲ್ಲ. ಮೊನೆಯಿಂದಾಚೆ ಹರಡುವ ಭಾಗದಲ್ಲಿ ನಿಂತವರಿಗೆ ಬಳೆ ಕಾಣುತ್ತದೆ. ನಾಸಾದ ಐದು ಸಾವಿರ ವರ್ಷಗಳ ಪಟ್ಟಿಯಲ್ಲಿರುವ 11,898 ಸೂರ್ಯಗ್ರಹಣಗಳಲ್ಲಿ ಕಂಕಣ 3,956, ಖಗ್ರಾಸ 3,173. ಜನವರಿಯ ಆಸುಪಾಸು ಸೂರ್ಯ ಹತ್ತಿರವಿರುವಾಗ ಶಂಕು 3,67,000 ಕಿ.ಮೀ.ಗೆ ಕುಗ್ಗುವುದರಿಂದ ಡಿಸೆಂಬರ್-ಜನವರಿಯ ಕಂಕಣಗಳು ದೀರ್ಘ.

ಲೆಕ್ಕಕ್ಕೆ ನೆರಳಿನ ತ್ರಿಜ್ಯ ‘ನೆ’, ಭೂತ್ರಿಜ್ಯದ ಅಳತೆಯಲ್ಲಿ:

ನೆ = 0.0059 + 0.0046 ಕೊಸೈನ್ ಸೂ − 0.0182 ಕೊಸೈನ್ ಚಂ + 0.0004 ಕೊಸೈನ್ 2ಚಂ − 0.0005 ಕೊಸೈನ್ (ಸೂ + ಚಂ)

ನೆ 0.0047ಕ್ಕಿಂತ ಹೆಚ್ಚಿದ್ದರೆ ಕಂಕಣ, ಸೊನ್ನೆಗಿಂತ ಕಡಿಮೆಯಾದರೆ ಖಗ್ರಾಸ. ನಡುವೆ ಬಿದ್ದರೆ ಕಂಕಣವೂ ಆಗಬಹುದು, ದಾರಿಯ ಒಂದು ಭಾಗದಲ್ಲಿ ಅದು ಇನ್ನೊಂದು ಭಾಗದಲ್ಲಿ ಇದು ಎಂಬ ಮಿಶ್ರವೂ ಆಗಬಹುದು. ಅಂಥದನ್ನು ಈ ಹಾಳೆಯಲ್ಲಿ ತೀರ್ಮಾನಿಸಬೇಡಿ.

ನೆರಳಿನ ಅಕ್ಷ ಭೂಕೇಂದ್ರದಿಂದ ಎಷ್ಟು ದೂರ ಹಾಯುತ್ತದೆ ಎಂಬುದು ಗ್ಯಾಮಾ, ಇದೂ ಭೂತ್ರಿಜ್ಯದ ಅಳತೆಯಲ್ಲಿ. ಸ್ಥೂಲವಾಗಿ: ಮೊದಲಂಕಿ = 0.2070 ಸೈನ್ ಸೂ − 0.0392 ಸೈನ್ ಚಂ + 0.0116 ಸೈನ್ 2ಚಂ; ಎರಡನೆಯಂಕಿ = 5.2207 − 0.3299 ಕೊಸೈನ್ ಚಂ. ಮೊದಲಂಕಿಯನ್ನು ಕೊಸೈನ್ ಪಾ ಇಂದ, ಎರಡನೆಯದನ್ನು ಸೈನ್ ಪಾ ಇಂದ ಗುಣಿಸಿ ಕೂಡಿಸಿ, 0.9952ರಿಂದ ಗುಣಿಸಿ. ಚಿಹ್ನೆ ಬಿಟ್ಟು 0.9972ರೊಳಗೆ ಇದ್ದರೆ ನೆರಳಿನ ನಡುಗೆರೆ ಭೂಮಿಯ ಮೇಲೆ ಬೀಳುತ್ತದೆ. 2019ಕ್ಕೆ ಇದು 0.408 ಕೊಡುತ್ತದೆ, ಪೂರ್ಣ ಲೆಕ್ಕದ ಬೆಲೆ 0.4135.

ಕಂಕಣದ ಪ್ರಮಾಣಕ್ಕೆ, ನೆ ಇಂದ 0.0046 × √(1 − ಗ್ಯಾಮಾ²) ಕಳೆಯಿರಿ. ಸಿಕ್ಕಿದ್ದನ್ನು ‘ಸ’ ಎನ್ನಿ. ಚಂದ್ರಬಿಂಬಕ್ಕೂ ಸೂರ್ಯಬಿಂಬಕ್ಕೂ ಇರುವ ಅನುಪಾತ 0.546 ÷ (0.546 + 2ಸ). 2019ಕ್ಕೆ ಸ = 0.0085, ಅನುಪಾತ 0.970, ಪ್ರಕಟಿತ ಬೆಲೆ 0.9701. 2ಸ ಅನ್ನು ಭೂತ್ರಿಜ್ಯವಾದ 6378ರಿಂದ ಗುಣಿಸಿದರೆ ದಾರಿಯ ಅಗಲ ಕಿ.ಮೀ.ಗಳಲ್ಲಿ 108. ನೆರಳು ಓರೆಯಾಗಿ ಬೀಳುವುದರಿಂದ ನಿಜವಾದ ಅಗಲ 118 ಆಗಿತ್ತು.

3043ಕ್ಕೆ ಬರೋಣ. ಕ = 12912. ಸೂ 330.92, ಚಂ 191.01, ಪಾ 178.07. ಚಂ 180ರ ಹತ್ತಿರವಿದೆ ಎಂದರೆ ಚಂದ್ರ ತನ್ನ ಅತಿದೂರದ ಬಿಂದುವಿನ ಬಳಿಯೇ ಇದ್ದಾನೆ. ನೆ 0.0285, ಗ್ಯಾಮಾ 0.27ರ ಸುಮಾರು, ಅನುಪಾತ 0.919, ದಾರಿ 300 ಕಿ.ಮೀ.ಗೂ ಅಗಲ. ಗ್ರಹಣಮಧ್ಯ ಮಧ್ಯಾಹ್ನ 1:50ರ ಸುಮಾರು. ಯಾವ ಗಡಿಯಾರದ 1:50 ಎಂಬುದೇ ಮುಂದಿನ ಮಾತು.

ಭೂಮಿ ನಿಧಾನವಾಗುತ್ತಿದೆ

ಮೇಲಿನ ವೇಳೆಗಳೆಲ್ಲ ಏಕರೂಪವಾಗಿ ಓಡುವ ಕಾಲಮಾನದವು, ಇದಕ್ಕೆ ಟಿಟಿ ಎನ್ನುತ್ತಾರೆ. ಭೂಮಿಯ ತಿರುಗುವಿಕೆ ಹೇಳುವ ಕಾಲ ಯುಟಿ. ಎರಡರ ವ್ಯತ್ಯಾಸ ಡೆಲ್ಟಾ-ಟಿ. 2019ರಲ್ಲಿ ಅದು 69 ಸೆಕೆಂಡು, ತಲೆಕೆಡಿಸಿಕೊಳ್ಳುವಂಥದ್ದಲ್ಲ. ಸಮುದ್ರದ ಉಬ್ಬರವಿಳಿತ ಭೂಮಿಯ ವೇಗವನ್ನು ಸವೆಸುತ್ತ ಹೋಗುವುದರಿಂದ ವ್ಯತ್ಯಾಸ ಕಾಲದ ವರ್ಗದಂತೆ ಬೆಳೆಯುತ್ತದೆ. ಬಳಕೆಯಲ್ಲಿರುವ ಸೂತ್ರಗಳು ಎರಡು:

ಹಳೆಯದು: −20 + 32 × ((ಇಸವಿ − 1820) ÷ 100)²
2016ರದು: −320 + 32.5 × ((ಇಸವಿ − 1825) ÷ 100)²

3000ನೇ ಇಸವಿಗೆ ಮೊದಲನೆಯದು 4436 ಸೆಕೆಂಡು, ಎರಡನೆಯದು 4167. ವ್ಯತ್ಯಾಸ 269 ಸೆಕೆಂಡು. ಭೂಮಿ ಸೆಕೆಂಡಿಗೆ 15 ವಿಕಲೆ (ಡಿಗ್ರಿಯ 3600ರಲ್ಲಿ 15 ಪಾಲು) ತಿರುಗುತ್ತದೆ, ನಮ್ಮ 16 ಡಿಗ್ರಿ ಅಕ್ಷಾಂಶದಲ್ಲಿ ಅದು ಸುಮಾರು 447 ಮೀಟರ್. ಹಾಗಾದರೆ 269 ಸೆಕೆಂಡಿಗೆ 1.12 ಡಿಗ್ರಿ, 120 ಕಿ.ಮೀ. ಬೆಳಗಾವಿ ಇರುವುದು 74.50 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಬಾಗಲಕೋಟೆ 75.70ರಲ್ಲಿ. ಒಂದು ಸೂತ್ರ ಬೆಳಗಾವಿಯ ಮೇಲೆ ಎಳೆದ ಗೆರೆಯನ್ನು ಇನ್ನೊಂದು ಸೂತ್ರ ಹೆಚ್ಚುಕಡಿಮೆ ಬಾಗಲಕೋಟೆಯಷ್ಟು ದೂರಕ್ಕೆ ಸರಿಸಿಬಿಡುತ್ತದೆ. ಹೊಸ ಸೂತ್ರದ 32.5ರಲ್ಲೇ ±0.6ರ ಅನಿಶ್ಚಿತತೆ ಇದೆ. ಅದೊಂದೇ 37 ಕಿ.ಮೀ. ಆಚೀಚೆ ಮಾಡುತ್ತದೆ.

ದಿಕ್ಕನ್ನು ಸರಿಯಾಗಿ ಹಿಡಿಯಿರಿ. ಡೆಲ್ಟಾ-ಟಿ ದೊಡ್ಡದಾದಷ್ಟೂ ಭೂಮಿ ಕಡಿಮೆ ತಿರುಗಿರುತ್ತದೆ, ನೆರಳಿನ ದಾರಿ ನಕ್ಷೆಯ ಮೇಲೆ ಪೂರ್ವಕ್ಕೆ ಸರಿಯುತ್ತದೆ, ಸ್ಥಳೀಯ ಗಡಿಯಾರದಲ್ಲಿ ವೇಳೆ ಮುಂಚೆ ಬರುತ್ತದೆ. ಕೂಡಿಸುವ ಕಡೆ ಕಳೆದರೆ ತಪ್ಪು ಇಮ್ಮಡಿಯಾಗುತ್ತದೆ.

3043ರ ಗ್ರಹಣಕ್ಕೆ ಡೆಲ್ಟಾ-ಟಿ ಒಂದು ಸೂತ್ರದಲ್ಲಿ 4774, ಇನ್ನೊಂದರಲ್ಲಿ 4509 ಸೆಕೆಂಡು. ಸುಮಾರು 75ರಿಂದ 80 ನಿಮಿಷ. ಟಿಟಿ 1:50 ಎಂದರೆ ಯುಟಿ 12:32ರ ಸುಮಾರು, ಭಾರತೀಯ ಕಾಲಮಾನದಲ್ಲಿ ಸಂಜೆ 6:02. ಡಿಸೆಂಬರ್ ಕೊನೆಯಲ್ಲಿ ಬೆಳಗಾವಿಯ ಸೂರ್ಯ ಮುಳುಗುವುದೂ 6ರ ಆಸುಪಾಸಿನಲ್ಲೇ. ಡೆಲ್ಟಾ-ಟಿ ಮರೆತವರ ಹಾಳೆಯಲ್ಲಿ ಆ ಕ್ಷಣ ರಾತ್ರಿ 7:20, ಕತ್ತಲೆ. ತಿದ್ದಿದ ಹಾಳೆಯಲ್ಲಿ ಸೂರ್ಯ ದಿಗಂತದ ಮೇಲೆಯೇ ಕೂತಿದ್ದಾನೆ.

ಎಲ್ಲಿ ಎಂಬುದರ ಸ್ಥೂಲ ಉತ್ತರ

ಪೂರ್ಣ ಲೆಕ್ಕಕ್ಕೆ ಕೈಹಾಕುವ ಮೊದಲು ಅಂದಾಜು ಮಾಡಿ. ಗ್ರಹಣಮಧ್ಯದ ಅಕ್ಷಾಂಶ = ಸೂರ್ಯನ ಆ ದಿನದ ಕ್ರಾಂತಿ (ಸಮಭಾಜಕದಿಂದ ಸೂರ್ಯ ಇರುವ ಕೋನದೂರ, ಉತ್ತರಕ್ಕೆ ಧನ) + ಗ್ಯಾಮಾದ ವಿಲೋಮ ಸೈನ್. ರೇಖಾಂಶ = 15 × (12 − ಯುಟಿ), ಪೂರ್ವಕ್ಕೆ ಧನ. 2019ಕ್ಕೆ: −23.4 + 24.4 = 1 ಡಿಗ್ರಿ ಉತ್ತರ, 100.5 ಡಿಗ್ರಿ ಪೂರ್ವ. ನಿಜವಾದ ಬಿಂದು 1.0 ಉತ್ತರ, 102.3 ಪೂರ್ವ. 3043ಕ್ಕೆ 7ರಿಂದ 8 ಡಿಗ್ರಿ ದಕ್ಷಿಣ, 8 ಡಿಗ್ರಿ ಪಶ್ಚಿಮ, ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ. ಡೆಲ್ಟಾ-ಟಿ ಬಿಟ್ಟರೆ ಇದೇ ಬಿಂದು 20 ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ, ಸುಮಾರು 2,200 ಕಿ.ಮೀ. ಈ ಅಂದಾಜು ಜೂನ್, ಡಿಸೆಂಬರ್‌ಗಳಲ್ಲಿ ಚೆನ್ನಾಗಿ ಕೂರುತ್ತದೆ. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಚಂದ್ರನ ದಾರಿ ಓರೆಯಾಗಿರುವುದರಿಂದ, ಗ್ಯಾಮಾ ದೊಡ್ಡದಿದ್ದರೆ, ಹಲವು ಡಿಗ್ರಿ ತಪ್ಪುತ್ತದೆ.

ಅಂದಾಜಿನಲ್ಲಿ ನಮ್ಮ ಭಾಗದ ಹತ್ತಿರ ಬಂದವನ್ನಷ್ಟೇ ಮುಂದಕ್ಕೆ ಒಯ್ಯಿರಿ. ಒಂದೇ ಊರಿನ ಮೇಲೆ ಕಂಕಣ ಬೀಳುವುದು ಸರಾಸರಿ 220 ವರ್ಷಕ್ಕೊಮ್ಮೆ. ಸಾವಿರ ವರ್ಷ ಜಾಲಾಡಿದರೆ ಬೆಳಗಾವಿಗೆ ನಾಲ್ಕೈದು ಸಿಕ್ಕರೆ ಸರಿಯಾದ ದಾರಿಯಲ್ಲಿದ್ದೀರಿ. ಮೂವತ್ತು ಸಿಕ್ಕರೆ ಎಲ್ಲೋ ಚಿಹ್ನೆ ತಪ್ಪಿದೆ.

ಆ ನಾಲ್ಕೈದಕ್ಕೆ ಬೆಸೆಲ್ ಅಂಶಗಳು ಬೇಕು. ಭೂಕೇಂದ್ರದ ಮೂಲಕ ನೆರಳಿನ ಅಕ್ಷಕ್ಕೆ ಲಂಬವಾಗಿ ಒಂದು ಸಮತಲ ಕಲ್ಪಿಸಿ, ಅದರ ಮೇಲೆ ಅಕ್ಷದ ಸ್ಥಾನ ಮತ್ತು ನಮ್ಮ ಊರಿನ ಸ್ಥಾನ ಎರಡನ್ನೂ ನಿಮಿಷಕ್ಕೊಮ್ಮೆ ಬರೆಯುತ್ತಾ ಹೋಗುವುದೇ ಈ ವಿಧಾನ. ಅವೆರಡರ ನಡುವಿನ ದೂರ ಆ ಎತ್ತರದ ನೆರಳಿನ ತ್ರಿಜ್ಯಕ್ಕಿಂತ ಕಡಿಮೆ ಇರುವಷ್ಟು ಹೊತ್ತು ಊರಿನಲ್ಲಿ ಕಂಕಣ. ಕೈಲೆಕ್ಕ ಬೇಡವಾದರೆ ಆಕಾಶ ತೋರಿಸುವ ಉಚಿತ ತಂತ್ರಾಂಶ ಸ್ಟೆಲೇರಿಯಂ ಸಾಕು. ಆದರೆ ಅದರ ಸೆಟ್ಟಿಂಗ್‌ನಲ್ಲಿ ಡೆಲ್ಟಾ-ಟಿ ಸೂತ್ರ ಯಾವುದೆಂದು ಮೊದಲು ನೋಡಿ, ಬದಲಿಸಿ, ಗ್ರಹಣ ಎಷ್ಟು ಸರಿಯಿತೆಂದು ಬರೆದಿಟ್ಟುಕೊಳ್ಳಿ. ಗ್ರಹಸ್ಥಾನಗಳ ಕಡತವೂ ಮುಖ್ಯ: ನಾಸಾದ ಜೆಪಿಎಲ್ ಪ್ರಯೋಗಾಲಯದ ಡಿಇ440 ಕಡತ 2650ಕ್ಕೆ ಮುಗಿಯುತ್ತದೆ, ಡಿಇ441 17191ರವರೆಗೆ ಹೋಗುತ್ತದೆ.

ಬೆಳಗಾವಿಯಿಂದ ವಿಜಯಪುರಕ್ಕೆ ನೇರ ದೂರ ಸುಮಾರು 170 ಕಿ.ಮೀ. ನೂರಿಪ್ಪತ್ತು ಕಿ.ಮೀ. ಅಗಲದ ದಾರಿ ಒಂದು ಊರನ್ನು ಒಳಗಿಟ್ಟು ಇನ್ನೊಂದನ್ನು ಹೊರಗೆ ಬಿಡಬಹುದು. ದಾರಿಯೊಳಗಿದ್ದರೂ ಅವಧಿ ಒಂದೇ ಅಲ್ಲ: ನಡುಗೆರೆಯಿಂದ ಅಂಚಿಗೆ ಅರ್ಧ ದೂರದಲ್ಲಿ 87 ಪ್ರತಿಶತ ಉಳಿಯುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ದೂರದಲ್ಲಿ 44 ಪ್ರತಿಶತ ಮಾತ್ರ.

ವರ್ಣನೆ ಬರೆಯುವಾಗ

ನಮ್ಮ ಪಂಚಾಂಗಗಳು ಸ್ಪರ್ಶ, ಮಧ್ಯ, ಮೋಕ್ಷ ಎಂದು ಮುದ್ರಿಸುತ್ತವೆ. ಈ ಪದಗಳನ್ನೇ ಇಟ್ಟುಕೊಂಡು, ನಡುವೆ ಕಂಕಣಾರಂಭ, ಕಂಕಣಾಂತ್ಯ ಸೇರಿಸಿ. ಐದಕ್ಕೂ ಸೂರ್ಯನ ಎತ್ತರ ಮತ್ತು ದಿಕ್ಕು ಬರೆಯಿರಿ. ಗಡಿಯಾರದ ವೇಳೆಯನ್ನು ನೆಚ್ಚಬೇಡಿ. ಗಡಿಯಾರವನ್ನು ಭೂಮಿಯ ತಿರುಗುವಿಕೆಗೆ ಹೊಂದಿಸುವ ಅಧಿಕ ಸೆಕೆಂಡಿನ (ಲೀಪ್ ಸೆಕೆಂಡ್) ಪದ್ಧತಿಯನ್ನು 2035ರೊಳಗೆ ಬದಲಿಸಲು 2022ರಲ್ಲೇ ಅಂತಾರಾಷ್ಟ್ರೀಯ ತೀರ್ಮಾನವಾಗಿದೆ; 3043ರಲ್ಲಿ ಭಾರತೀಯ ಕಾಲಮಾನ ಎಂಬುದು ಸೂರ್ಯನಿಗೆ ಎಷ್ಟು ಹೊಂದಿರುತ್ತದೋ ಯಾರೂ ಮಾತು ಕೊಡಲಾರರು. ‘ಸ್ಥಳೀಯ ಮಧ್ಯಾಹ್ನಕ್ಕೆ 40 ನಿಮಿಷ ಮುಂಚೆ’ ಎಂಬ ಬರಹ ಯಾವ ಕಾಲಕ್ಕೂ ಅರ್ಥವಾಗುತ್ತದೆ. ಇವತ್ತಿನ ಗಡಿಯಾರದಲ್ಲಿ ಬೆಳಗಾವಿಯ ಸೂರ್ಯಮಧ್ಯಾಹ್ನ ಸರಾಸರಿ 12:32ಕ್ಕೆ, ವಿಜಯಪುರದ್ದು 12:27ಕ್ಕೆ.

ಪ್ರಮಾಣ, ವಿಸ್ತೀರ್ಣ ಎರಡನ್ನೂ ಬೆರೆಸಬೇಡಿ. ಅನುಪಾತ 0.919 ಎಂದರೆ ವ್ಯಾಸದ 92 ಪ್ರತಿಶತ ಮುಚ್ಚಿದೆ. ಮುಚ್ಚಿದ ವಿಸ್ತೀರ್ಣ ಅದರ ವರ್ಗ, 84 ಪ್ರತಿಶತ. ಉಳಿದ 16 ಪ್ರತಿಶತ ಬೆಳಕಿಗೆ ಕತ್ತಲಾಗುವುದಿಲ್ಲ. ಛಾಯಾಗ್ರಾಹಕರ ಲೆಕ್ಕದಲ್ಲಿ ಅದು ಎರಡೂ ಮುಕ್ಕಾಲು ಸ್ಟಾಪ್‌ಗೂ ಕಡಿಮೆ. ಮನೆಯೊಳಗೆ ಕೂತವರಿಗೆ ಗೊತ್ತಾಗದೆಯೂ ಹೋಗಬಹುದು. ‘ಹಗಲೇ ರಾತ್ರಿಯಾಗಿ ನಕ್ಷತ್ರ ಮೂಡಿದವು’ ಎಂಬ ಸಾಲು ಖಗ್ರಾಸಕ್ಕೆ ಸೇರಿದ್ದು, ಕಂಕಣದ ವರ್ಣನೆಯಲ್ಲಿ ಅದು ಸುಳ್ಳು. ಕಂಕಣದಲ್ಲಿ ನಿಜವಾಗಿ ಬದಲಾಗುವುದು ನೆರಳು, ಬಿಸಿಲಿನ ಖಾರ, ಗಾಳಿ. ತಾಪಮಾನ ಅತಿ ಕೆಳಗಿಳಿಯುವುದು ಗ್ರಹಣಮಧ್ಯದಲ್ಲಲ್ಲ, ಹಲವು ನಿಮಿಷ ತಡವಾಗಿ.

ಬೇವಿನ ಮರದಡಿಯ ಬಿಂಬಗಳನ್ನು ಬರೆಯಿರಿ, ಆದರೆ ಅಳತೆ ಹಾಕಿ. ಎಲೆಗಳ ಸಂದಿಯಿಂದ ನೆಲಕ್ಕೆ 3 ಮೀಟರ್ ಇದ್ದರೆ ಸೂರ್ಯಬಿಂಬ ಸುಮಾರು 28 ಮಿ.ಮೀ. ಅನುಪಾತ 0.919 ಇರುವ ಕಂಕಣದ ಉಂಗುರ ಅದರಲ್ಲಿ ಒಂದು ಮಿ.ಮೀ.ಗಿಂತ ಚೂರು ದಪ್ಪ. ಸಂದಿಯೇ 5 ಮಿ.ಮೀ. ಇದ್ದರೆ ನೆಲದ ಮೇಲಿನ ಉಂಗುರವೂ 5 ಮಿ.ಮೀ. ದಪ್ಪಕ್ಕೆ ಹರಡಿ ಮಂಕಾಗುತ್ತದೆ. ನಡುವಿನ ಕಪ್ಪು ಮಾತ್ರ ಉಳಿಯುತ್ತದೆ.

ಬೈಲಿ ಮಣಿಗಳು, ಅಂದರೆ ಚಂದ್ರನ ಬೆಟ್ಟಗಳ ನಡುವೆ ತುಂಡಾಗಿ ಹೊಳೆಯುವ ಬೆಳಕು, ಕಂಕಣಾರಂಭ-ಅಂತ್ಯಗಳಲ್ಲಿ ಕೆಲವೇ ಸೆಕೆಂಡು. ದಾರಿಯ ಅಂಚಿನಲ್ಲಿ ನಿಂತವರಿಗೆ ಇದೇ ಹೆಚ್ಚು ಹೊತ್ತು. ಅನುಪಾತ ಎಷ್ಟೇ ಇರಲಿ, ಕಂಕಣದ ಯಾವ ಕ್ಷಣವೂ ಬರಿಗಣ್ಣಿಗೆ ಸುರಕ್ಷಿತವಲ್ಲ. ಐಎಸ್‌ಒ 12312-2 ಗುರುತಿನ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಬೇಕೇಬೇಕೆಂದು ವರ್ಣನೆಯ ಜೊತೆಗೇ ಬರೆಯಿರಿ.

ಕೊನೆಗೆ ಪ್ರತಿ ವರ್ಣನೆಯ ತಲೆಯ ಮೇಲೆ ನಾಲ್ಕು ಅಂಕಿ ಇರಲಿ: ಟಿಟಿ ವೇಳೆ, ಬಳಸಿದ ಡೆಲ್ಟಾ-ಟಿ ಮತ್ತು ಅದರ ಸೂತ್ರ, ಬಳಸಿದ ಗ್ರಹಸ್ಥಾನ ಕಡತ, ಚಂದ್ರತ್ರಿಜ್ಯದ ಬೆಲೆ. ಚಂದ್ರತ್ರಿಜ್ಯಕ್ಕೆ, ಭೂತ್ರಿಜ್ಯದ ಅಳತೆಯಲ್ಲಿ, 0.2725076 ಹಿಡಿದವರಿಗೂ 0.272281 ಹಿಡಿದವರಿಗೂ ಕಂಕಣದ ಅವಧಿಯಲ್ಲಿ ಸೆಕೆಂಡುಗಳ ವ್ಯತ್ಯಾಸ ಬರುತ್ತದೆ. ದಾರಿಯನ್ನು ಒಂದೇ ಗೆರೆಯಾಗಿ ಎಳೆಯದೆ, ಎರಡು ಡೆಲ್ಟಾ-ಟಿಗಳಿಗೆ ಎರಡು ಗೆರೆ ಎಳೆದು ನಡುವಿನ ಪಟ್ಟಿ ತುಂಬಿ. ಮುಂದೆ ಭೂಮಿಯ ತಿರುಗುವಿಕೆಯನ್ನು ಅಳೆದವರು ಟಿಟಿಯನ್ನು ಮುಟ್ಟದೆ ತಮ್ಮ ಡೆಲ್ಟಾ-ಟಿ ಹಾಕಿ, ಸೆಕೆಂಡಿಗೆ 447 ಮೀಟರ್‌ನಂತೆ ನಿಮ್ಮ ಗೆರೆಯನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಸರಿಸಿಕೊಳ್ಳುತ್ತಾರೆ.